ಹೊಂದಿಕೊಳ್ಳುವ ಹೊಣೆ ಯಾರದು? ವಿದೇಶಿ ವಿದ್ಯಾರ್ಥಿಯ ಮನಶ್ಶಾಸ್ತ್ರದ ಚರಿತ್ರೆ

ಎರಡು ಸಂಸ್ಕೃತಿಗಳ ಜನ ನೇರವಾಗಿ, ನಿರಂತರವಾಗಿ ಒಡನಾಡಿದಾಗ ಒಂದು ಕಡೆಯಲ್ಲೋ ಎರಡೂ ಕಡೆಯಲ್ಲೋ ಆಗುವ ಬದಲಾವಣೆಯೇ ಸಂಸ್ಕೃತಿ ಸಂಸರ್ಗ ಎಂದು ರಾಬರ್ಟ್ ರೆಡ್‌ಫೀಲ್ಡ್, ರಾಲ್ಫ್ ಲಿಂಟನ್ ಮತ್ತು ಮೆಲ್ವಿಲ್ ಹರ್ಸ್ಕೊವಿಟ್ಸ್ 1936ರಲ್ಲಿ ನಿರೂಪಿಸಿದರು. ಆತಿಥೇಯರೂ ಬದಲಾಗಬಹುದು ಎಂಬುದಕ್ಕೆ ಆ ವ್ಯಾಖ್ಯೆಯಲ್ಲಿ ಜಾಗವಿತ್ತು. ಮನಶ್ಶಾಸ್ತ್ರ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಆ ಜಾಗ ಕಿರಿದಾಯಿತು; ಬಂದವರನ್ನಷ್ಟೇ ಅಳೆಯುವ ರೂಢಿ ಬೇರೂರಿತು.

ಅಮೆರಿಕದ ಫುಲ್‌ಬ್ರೈಟ್ ವಿದ್ಯಾರ್ಥಿ-ವಿದ್ವಾಂಸ ವಿನಿಮಯ ಯೋಜನೆ 1946ರಲ್ಲಿ ಆರಂಭವಾಯಿತು. ಭಾರತದೊಂದಿಗಿನ ಒಪ್ಪಂದ 1950ರ ಫೆಬ್ರುವರಿಯಲ್ಲಿ ಆಯಿತು. ವಿದೇಶಿ ವಿದ್ಯಾರ್ಥಿ ಈಗ ಸಂಶೋಧನೆಯ ವಸ್ತುವಾದ. ನಾರ್ವೆಯ ಸ್ವೆರೆ ಲಿಸ್ಗಾರ್ಡ್ ಅಮೆರಿಕಕ್ಕೆ ಹೋಗಿಬಂದ ತನ್ನ ದೇಶದ ಸುಮಾರು 200 ಫುಲ್‌ಬ್ರೈಟ್ ವಿದ್ವಾಂಸರನ್ನು ವಿಚಾರಿಸಿ, 6ರಿಂದ 18 ತಿಂಗಳು ಅಲ್ಲಿದ್ದವರ ಹೊಂದಾಣಿಕೆ ಅದಕ್ಕಿಂತ ಕಡಿಮೆ ಅಥವಾ ಹೆಚ್ಚು ಕಾಲ ಇದ್ದವರದಕ್ಕಿಂತ ಕೆಳಮಟ್ಟದ್ದೆಂದು 1955ರಲ್ಲಿ ಬರೆದ. 'ಯು' ಆಕಾರದ ಆ ರೇಖೆ ಪ್ರಸಿದ್ಧವಾಯಿತು. ಆದರೆ ಆತ ಹೋಲಿಸಿದ್ದು ಬೇರೆ ಬೇರೆ ವ್ಯಕ್ತಿಗಳನ್ನು. ಒಬ್ಬನನ್ನೇ ಕಾಲಕ್ರಮದಲ್ಲಿ ಹಿಂಬಾಲಿಸಿರಲಿಲ್ಲ. ಅಲ್ಲದೆ ಬಿಳಿಯ ನಾರ್ವೇಜಿಯನ್ನರ ಅನುಭವವನ್ನು ಎಲ್ಲರ ಅನುಭವವೆಂದು ಬಗೆದದ್ದು ದೊಡ್ಡ ಲೋಪ.

ಆ ಲೋಪ ಎಷ್ಟು ದೊಡ್ಡದೆಂದು ತೋರಿಸುವ ಕೃತಿ ಮರುವರ್ಷವೇ ಬಂತು. ರಿಚರ್ಡ್ ಲ್ಯಾಂಬರ್ಟ್ ಮತ್ತು ಮಾರ್ವಿನ್ ಬ್ರೆಸ್ಲರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಭಾರತೀಯ ಉಪಖಂಡದ ವಿದ್ಯಾರ್ಥಿಗಳ ಬಗ್ಗೆ 1956ರಲ್ಲಿ ಪುಸ್ತಕ ಪ್ರಕಟಿಸಿದರು. ಜಾತಿ, ಅಸ್ಪೃಶ್ಯತೆ, ಜನಸಂಖ್ಯೆ, ಮೈಬಣ್ಣ: ಇವು ಮಾತಿಗೆ ಬಂದೊಡನೆ ವಿದ್ಯಾರ್ಥಿ ಬಿಗಿದುಕೊಳ್ಳುತ್ತಿದ್ದ. ಕೇಳಿದ ಅಮೆರಿಕನ್ನರಿಗೆ ಅದು ಬರಿಯ ಕುತೂಹಲ. ಕೇಳಿಸಿಕೊಂಡವನಿಗೆ ಅದು ವಸಾಹತು ಆಡಳಿತದ ಕಾಲದಿಂದ ತನ್ನ ದೇಶದ ಮೇಲೆ ಹೊರಿಸುತ್ತ ಬಂದ ಆರೋಪಗಳ ಮರುಕಳಿಕೆ. ಅಂದರೆ ಅವನ ಇರಿಸುಮುರಿಸಿನ ಮೂಲ ಅವನ ಸ್ವಭಾವವೊಂದೇ ಅಲ್ಲ, ಎರಡು ದೇಶಗಳ ನಡುವಿನ ಅಸಮಾನ ಚರಿತ್ರೆಯೂ ಹೌದು. ಆ ದಶಕದ ಅಧ್ಯಯನಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ. ಆದರೆ ಬೋಧನೆಗೆ ಸುಲಭವಾದದ್ದು ಲಿಸ್ಗಾರ್ಡನ ರೇಖೆ ಮತ್ತು ಕಲೆರ್ವೊ ಓಬರ್ಗ್ 1960ರ ಲೇಖನದಿಂದ ಜನಪ್ರಿಯಗೊಳಿಸಿದ 'ಕಲ್ಚರ್ ಶಾಕ್', ಅಂದರೆ ಪರಸಂಸ್ಕೃತಿಯಲ್ಲಿ ಆಗುವ ಆಘಾತ.

ಕೆನಡಾ 1971ರಲ್ಲಿ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿದ ನಂತರ ಚಿಂತನೆ ಮತ್ತೆ ಹೊರಳಿತು. ಕ್ವೀನ್ಸ್ ವಿಶ್ವವಿದ್ಯಾಲಯದ ಜಾನ್ ಬೆರ್ರಿ, ಬಂದವರು ತಮ್ಮ ಸಂಸ್ಕೃತಿಯನ್ನೂ ಹೊಸದನ್ನೂ ಎಷ್ಟು ಹಿಡಿಯುತ್ತಾರೆ ಎಂಬುದರ ಮೇಲೆ ಸಮನ್ವಯ, ವಿಲೀನ, ಪ್ರತ್ಯೇಕತೆ, ಅಂಚಿಗೆ ಸರಿಯುವಿಕೆ ಎಂಬ ನಾಲ್ಕು ದಾರಿಗಳನ್ನು ಗುರುತಿಸಿದರು. ಆತಿಥೇಯ ಸಮಾಜ ಬಾಗಿಲು ತೆರೆಯದಿದ್ದರೆ ಸಮನ್ವಯ ಸಾಧ್ಯವಿಲ್ಲವೆಂದೂ ಒತ್ತಿ ಹೇಳಿದರು. ಬಿಹಾರದ ಆದಿವಾಸಿಗಳ ಕುರಿತು ರಮೇಶ ಮಿಶ್ರ, ದುರ್ಗಾನಂದ ಸಿನ್ಹಾ ಅವರೊಡನೆ 1996ರಲ್ಲಿ ಹೊರತಂದ ಗ್ರಂಥ ಈ ಚೌಕಟ್ಟನ್ನು ವಲಸೆಯ ಆಚೆಗೂ ಒಯ್ದಿತು.

ಆದರೂ ನಾಲ್ಕು ಮನೆಗಳಲ್ಲಿ ಎಲ್ಲ ಅನುಭವವೂ ಕೂರುವುದಿಲ್ಲ. ಯು. ಆರ್. ಅನಂತಮೂರ್ತಿ 1965ರಲ್ಲಿ ಪ್ರಕಟವಾದ 'ಸಂಸ್ಕಾರ' ಕಾದಂಬರಿಯನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ. ಪರದೇಶದ ವಾಸ ಅವರನ್ನು ಮಲೆನಾಡಿನ ಅಗ್ರಹಾರದತ್ತ, ಅದೂ ನಿಷ್ಠುರ ವಿಮರ್ಶೆಗೆ, ತಿರುಗಿಸಿತು. ಇದು ಪ್ರತ್ಯೇಕತೆಯೂ ಅಲ್ಲ, ವಿಲೀನವೂ ಅಲ್ಲ.

ಇಂಥ ಅನುಭವಗಳ ಪುರಾವೆ ಪ್ರಶ್ನಾವಳಿಗಳಲ್ಲಿ ಸಿಗದು. ಆ ದಶಕಗಳಲ್ಲಿ ಹೊರದೇಶಕ್ಕೆ ಓದಲು ಹೋದ ಕನ್ನಡಿಗರು ಊರಿಗೆ ಬರೆದ ಕಾಗದಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ, ದಯವಿಟ್ಟು ಅವನ್ನು ರದ್ದಿಗೆ ಹಾಕದೆ ಸಮೀಪದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿ.