ಅಟ್ಟದ ಮೇಲಿನ ಒಳದನಿ

ಹತ್ತು ಜನರನ್ನು ಕೂಡಿಸಿಕೊಂಡು ಕೆಲಸ ಮಾಡಿಸುವವರಲ್ಲಿ ಎರಡು ಬಗೆ. ಕೆಲವರು ಲೆಕ್ಕ ಹಾಕಿ ನಡೆಯುತ್ತಾರೆ. ಕೆಲವರು ಒಳದನಿ ಕೇಳಿ ನಡೆಯುತ್ತಾರೆ. ಮೊದಲಿನವರನ್ನು ನಾವು ಜಾಣರೆನ್ನುತ್ತೇವೆ. ಎರಡನೆಯವರ ಕೆಲಸ ಕೈಗೂಡಿದರೆ ದೈವಕೃಪೆ, ಕೆಟ್ಟರೆ ಹುಚ್ಚು ಎಂದು ಸುಮ್ಮನಾಗುತ್ತೇವೆ. ಈ ಒಳದನಿ ಎಲ್ಲಿಂದ ಬರುತ್ತದೆ, ಅದನ್ನು ಎಷ್ಟು ನಂಬಬಹುದು ಎಂಬುದನ್ನು ತಿಳಿಯಲು ನಮ್ಮ ಊರಿನ ಇತಿಹಾಸವೇ ಸಾಕು.

ಮಾಳಮಡ್ಡಿಯಲ್ಲಿ ಬೆಳೆದ ನಮಗೆ ‘ಅಟ್ಟ’ವೆಂದರೆ ಸುಭಾಷ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಈ ಪ್ರಕಾಶನ ಚಂದಾದಾರ ಓದುಗರನ್ನು ನಂಬಿ ನಿಂತದ್ದು. ಪುಸ್ತಕ ಬೇಸರವಾದರೆ, ಮನಸ್ಸಿಗೆ ನೋವಾದರೆ ಚಂದಾ ನಿಲ್ಲಬಹುದು. ಇಂಥಲ್ಲಿ ತಪ್ಪು ಊಹೆಗೆ ಬೆಲೆ ತೆರಬೇಕಾದವರು ಸ್ವತಃ ಯಜಮಾನರೇ.

ಅಂಥ ಜಿ.ಬಿ. 1961ರಲ್ಲಿ ‘ಯಯಾತಿ’ಯನ್ನು ಪ್ರಕಟಿಸಿದರು. ಬರೆದ ಗಿರೀಶ ಕಾರ್ನಾಡರಿಗೆ ಆಗ ಇಪ್ಪತ್ಮೂರರ ಆಸುಪಾಸು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಹುಡುಗ, ನಾಟಕಕಾರನೆಂದು ಹೆಸರಿಲ್ಲ. 1965ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಇದೇ ಗ್ರಂಥಮಾಲೆಯಿಂದ ಬಂತು. ಅಗ್ರಹಾರದ ಒಳಗನ್ನು ಬಯಲಿಗಿಡುವ ಆ ಕಾದಂಬರಿ ಎಷ್ಟು ಮನೆಗಳಲ್ಲಿ ಸಿಟ್ಟೆಬ್ಬಿಸಬಲ್ಲದೆಂಬುದು ಓದಿದ ಯಾರಿಗೂ ಹೊಳೆಯುವಂಥದೇ. ಮುಂದೆ 1970ರ ಚಲನಚಿತ್ರಕ್ಕೆ ಸೆನ್ಸಾರ್ ಮಂಡಳಿ ಮೊದಲು ತಡೆ ಹಾಕಿತ್ತೆಂಬುದನ್ನು ನೆನೆದರೆ ಪ್ರಕಾಶಕರ ಎದೆಗಾರಿಕೆ ತಿಳಿಯುತ್ತದೆ. 1969ರಲ್ಲಿ, ದೂರದ ಶಿಕಾಗೋದಲ್ಲಿದ್ದ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಕೂಡ ಇಲ್ಲಿಂದಲೇ ಬಂತು.

ಇದನ್ನು ಬರಿಯ ಅದೃಷ್ಟವೆನ್ನೋಣವೇ? ‘ಯಯಾತಿ’ ಕೈಗೆ ಬರುವ ಹೊತ್ತಿಗೆ ಜಿ.ಬಿ. ಇಪ್ಪತ್ತೆಂಟು ವರ್ಷ ಪ್ರಕಾಶಕರಾಗಿ ಕಳೆದಿದ್ದರು. ‘ಜಡಭರತ’ನೆಂಬ ಹೆಸರಿನಿಂದ ತಾವೇ ನಾಟಕಗಳನ್ನು ಬರೆದಿದ್ದರು. ಅಟ್ಟದ ಮೇಲೆ ಕೂತವರ ಹರಟೆ, ಜಗಳ, ಓದು ಎಲ್ಲವೂ ಅವರ ಕಿವಿಗೆ ಬಿದ್ದಿದ್ದವು. ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಆಡಳಿತದ ಬಗ್ಗೆ ಬರೆಯುತ್ತ, ಅಂತಃಪ್ರಜ್ಞೆಯೆಂದರೆ ಬಹುಕಾಲದ ಅನುಭವ ಒಳಗಿಳಿದು ಗುರುತು ಹಿಡಿಯುವ ಶಕ್ತಿ ಎಂಬರ್ಥದಲ್ಲಿ ವಿವರಿಸಿದರು. ನಮ್ಮ ಅಜ್ಜಿಯರು ಹಿಟ್ಟು ಮುಟ್ಟಿ ನೋಡಿ ಇನ್ನೆಷ್ಟು ನೀರು ಬೇಕೆಂದು ಹೇಳುತ್ತಿದ್ದುದೂ ಇದೇ ವಿದ್ಯೆ.

ಆದರೆ ಜಿ.ಬಿ. ತಮ್ಮ ಒಳದನಿಯನ್ನಷ್ಟೇ ನೆಚ್ಚಿ ಕೂಡಲಿಲ್ಲ ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಗುಜರಾತಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಗ್ರಂಥಮಾಲೆಯ ಸಾಹಿತ್ಯ ಸಲಹೆಗಾರರಾಗಿದ್ದರು. ಅವರದು ನಿಷ್ಠುರವಾದ ಓದು. ಇಂದಿನ ಮನಸ್ಸಿಗೆ ಒಪ್ಪುವಂಥ ಐತಿಹಾಸಿಕ ನಾಟಕ ನಮ್ಮಲ್ಲಿಲ್ಲವೆಂಬ ಕುರ್ತಕೋಟಿಯವರ ಮಾತು ತಮ್ಮನ್ನು ‘ತುಘಲಕ್’ ಕಡೆಗೆ ತಿರುಗಿಸಿತೆಂದು ಕಾರ್ನಾಡರೇ ಹೇಳಿದ್ದುಂಟು. 1964ರ ಆ ನಾಟಕದ ಹಿಂದೆ ಹೀಗೆ ಒಬ್ಬರ ಅಕ್ಕರೆ, ಇನ್ನೊಬ್ಬರ ತಕ್ಕಡಿ ಎರಡೂ ಇವೆ. ಅಕ್ಕರೆಯೊಂದೇ ಇದ್ದರೆ ಬರೆಹಗಾರ ಮುದ್ದಿಗೆ ಕೆಡುತ್ತಿದ್ದ. ತಕ್ಕಡಿಯೊಂದೇ ಇದ್ದರೆ ಅಟ್ಟದ ಮೆಟ್ಟಿಲನ್ನೇ ಹತ್ತುತ್ತಿರಲಿಲ್ಲ.

ಶಿಕ್ಷಕಿಯಾಗಿ ಇದರ ಇನ್ನೊಂದು ಮಗ್ಗುಲನ್ನೂ ನಾನು ಕಂಡಿದ್ದೇನೆ. ಹಿಂದೊಮ್ಮೆ ನಾನಿದ್ದ ಶಾಲೆಯ ಮುಖ್ಯಸ್ಥರೊಬ್ಬರಿಗೆ ತಮ್ಮ ‘ಅನಿಸಿಕೆ’ಯ ಮೇಲೆ ಬಹಳ ಭರವಸೆ. ಹೊಸದಾಗಿ ಬಂದ ಶಿಕ್ಷಕಿಯೊಬ್ಬರನ್ನು ಮೊದಲ ದಿನವೇ ನೋಡಿ, “ಈಕಿ ಕೈಲೆ ವರ್ಗ ಹಿಡಿಯೂದು ಆಗೂದಿಲ್ಲ” ಎಂದುಬಿಟ್ಟರು. ಆಕೆ ಸಣ್ಣ ದನಿಯವಳು, ಹಳ್ಳಿಯಿಂದ ಬಂದವಳು. ಅವರು ಕಂಡದ್ದು ಅಷ್ಟೇ. ಪಾಠ ಕೇಳಲು ಒಮ್ಮೆಯೂ ವರ್ಗದ ಬಾಗಿಲಿಗೆ ಹೋಗಲಿಲ್ಲ. ಎರಡು ವರ್ಷ ಆಕೆಗೆ ಮೇಲಿನ ತರಗತಿ ಸಿಗಲಿಲ್ಲ. ಮೂರನೆಯ ವರ್ಷ ಆಕೆ ಕೆಲಸ ಬಿಟ್ಟು ಹೋದಳು. ಹುಡುಗರು ಮಾತ್ರ ಆಕೆ ಹೇಳಿಕೊಟ್ಟ ಲೆಕ್ಕಗಳನ್ನು ಮರೆತಿರಲಿಲ್ಲ. ಆ ಮುಖ್ಯಸ್ಥರದು ಒಳದನಿಯಾಗಿರಲಿಲ್ಲ, ಹಳೆಯ ಪೂರ್ವಗ್ರಹ ಒಳದನಿಯ ವೇಷ ತೊಟ್ಟಿತ್ತು.

ಎರಡನ್ನೂ ಬೇರೆ ಮಾಡಿ ತಿಳಿಯುವ ಬಗೆ ಅಷ್ಟೇನೂ ಕಠಿಣವಲ್ಲ. ನಿಜವಾದ ಒಳದನಿ ಎದುರಿಗಿದ್ದವರನ್ನು ಬಹಳ ಹೊತ್ತು ಕೇಳಿಸಿಕೊಂಡ ಮೇಲೆ ಹುಟ್ಟುತ್ತದೆ, ಮತ್ತು ಪರೀಕ್ಷೆಗೆ ಅಂಜುವುದಿಲ್ಲ. ಪೂರ್ವಗ್ರಹ ನೋಡಿದ ಕೂಡಲೇ ತೀರ್ಪು ಕೊಡುತ್ತದೆ, ಮರುಪ್ರಶ್ನೆಗೆ ಸಿಟ್ಟಾಗುತ್ತದೆ. ಜಿ.ಬಿ. 1993ರಲ್ಲಿ ತೀರಿಕೊಂಡರು. ಅಧಿಕಾರದ ಕುರ್ಚಿಯಲ್ಲಿ ಕೂತವರು, ಅದು ಒಂದು ವರ್ಗದ ಮುಂದಿನ ಮರದ ಕುರ್ಚಿಯೇ ಆಗಿರಲಿ, ಅವರಿಂದ ಕಲಿಯಬೇಕಾದುದು ಇಷ್ಟು: ಹೆಸರಿಲ್ಲದವನ ಹಸ್ತಪ್ರತಿಯನ್ನು ಬಿಚ್ಚಿ ಓದಬೇಕು, ಓದಿ ಮನಸ್ಸು ಹೌದೆಂದರೆ, ಅಲ್ಲವೆನ್ನುವ ಧೈರ್ಯವಿರುವ ಒಬ್ಬರ ಕೈಗೂ ಅದನ್ನು ಕೊಡಬೇಕು.