ಅಂಕಕ್ಕೆ ಸಿಗದ ಸಂಕಟ

ಮನಸ್ಸನ್ನು ಅಳೆಯುವ ವಿದ್ಯೆಗೆ ಮೈಸೂರು ಬಹಳ ಹಿಂದೆಯೇ ಬಾಗಿಲು ತೆರೆಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದ ಪ್ರೊ. ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿ, ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರೂ ಅವರೇ. ಬುದ್ಧಿಯನ್ನು ಪರೀಕ್ಷೆಯಿಂದ ಅಳೆಯಬಹುದೆಂಬುದು ಆ ಕಾಲದ ವಿಶ್ವಾಸವಾಗಿತ್ತು. ಆದರೆ ಬದುಕೇ ಸಾಕೆನಿಸಿದವರ ಸಂಕಟವನ್ನು ಅಳೆಯಲು ಸಾಧ್ಯವೇ?

ಆಸ್ಪತ್ರೆಯಲ್ಲಿ ಈ ಪ್ರಶ್ನೆಗೆ ಹೆಚ್ಚಾಗಿ ಮುಖಾಮುಖಿಯಾಗುವವರು ದಾದಿಯರು. ವೈದ್ಯರು ರೌಂಡ್ಸ್‌ಗೆ ಬಂದು ಹೋಗುತ್ತಾರೆ. ಹಗಲು ರಾತ್ರಿ ಪಾಳಿಯಲ್ಲಿ ವಾರ್ಡಿನಲ್ಲಿ ಉಳಿಯುವವರು ನರ್ಸುಗಳು. ಊಟದ ತಟ್ಟೆ ಹಾಗೆಯೇ ಉಳಿದದ್ದು, ಬೆಳಗಿನ ಜಾವದವರೆಗೆ ನಿದ್ದೆ ಬಾರದ್ದು, ‘ನಾನು ಎಲ್ಲರಿಗೂ ಭಾರ’ ಎಂಬ ಮಾತು ಮೊದಲು ತಿಳಿಯುವುದು ಅವರಿಗೇ.

ಹಳೆಯ ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ಬರಿಯ ಕಾವಲಾಗಿತ್ತು. ಬೆಂಗಳೂರಿನಲ್ಲಿ 1847ರಷ್ಟು ಹಿಂದೆಯೇ ಆರಂಭವಾದ ಹುಚ್ಚಾಸ್ಪತ್ರೆಗೆ 1925ರಲ್ಲಿ ಸಂಸ್ಥಾನದ ಸರ್ಕಾರ ‘ಮಾನಸಿಕ ಆಸ್ಪತ್ರೆ’ ಎಂದು ಹೊಸ ಹೆಸರಿಟ್ಟಿತು. ಡಾ. ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ ಅದಕ್ಕೆ ವಿಶಾಲವಾದ ಹೊಸ ಆವರಣ ದೊರೆಯಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು; ಅದೇ ದಶಕದಲ್ಲಿ ದಾದಿಯರಿಗೆಂದೇ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ಶುರುವಾಯಿತು. 1974ರಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಅಮೆರಿಕದ ದಾದಿ ಹಿಲ್ಡಗಾರ್ಡ್ ಪೆಪ್ಲೋ 1952ರಲ್ಲಿಯೇ, ರೋಗಿಯೊಡನೆ ದಾದಿ ಬೆಳೆಸುವ ಸಂಬಂಧವೂ ಚಿಕಿತ್ಸೆಯ ಭಾಗವೆಂದು ಪ್ರತಿಪಾದಿಸಿದ್ದರು. ಕಾವಲಿನ ಜೊತೆಗೆ ಮಾತೂ ಸೇರಿದ್ದು ಹೀಗೆ.

ಅದರ ಹಿಂದೆಯೇ ಅಳತೆಗೋಲುಗಳೂ ಬಂದವು. 1974ರಲ್ಲಿ ಆರನ್ ಬೆಕ್ ಮತ್ತು ಸಂಗಡಿಗರು ಹತಾಶೆಯನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. 1983ರಲ್ಲಿ ಹತ್ತು ಅಂಶಗಳ ಸುಲಭ ಪಟ್ಟಿಯೊಂದು ಪ್ರಚಾರಕ್ಕೆ ಬಂತು. 2004ರಲ್ಲಿ ಕಟ್‌ಕ್ಲಿಫ್ ಮತ್ತು ಬಾರ್ಕರ್ ದಾದಿಯರಿಗಾಗಿಯೇ ಒಂದು ಮಾಪಕ ಸಿದ್ಧಪಡಿಸಿದರು. ಅಂಕ ಕೂಡಿಸಿ ಅಪಾಯ ಕಡಿಮೆಯೋ ಹೆಚ್ಚೋ ಎಂದು ನಿರ್ಧರಿಸುವ ಕ್ರಮ ಇದು.

ಆದರೆ ಅಂಕ ಭವಿಷ್ಯ ಹೇಳಲಾರದು. ಅಮೆರಿಕದ ಪೊಕಾರ್ನಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4,800 ಮನೋರೋಗಿಗಳನ್ನು ವರ್ಷಗಟ್ಟಲೆ ಗಮನಿಸಲಾಯಿತು. ಅವರಲ್ಲಿ ಆತ್ಮಹತ್ಯೆಯಿಂದ ಸತ್ತವರು 67 ಮಂದಿ. ಎಲ್ಲ ಪರೀಕ್ಷೆಗಳನ್ನು ಒಟ್ಟುಗೂಡಿಸಿದರೂ ಈ 67 ಮಂದಿಯನ್ನು ಮುಂಚಿತವಾಗಿ ಗುರುತಿಸುವುದು ಸಾಧ್ಯವಾಗಲಿಲ್ಲ. ಹಲವರು ಪಟ್ಟಿಯಿಂದ ತಪ್ಪಿಹೋದರು. ಅಪಾಯವಿದೆ ಎನಿಸಿಕೊಂಡ ಸಾವಿರಕ್ಕೂ ಹೆಚ್ಚು ಮಂದಿ ಹಾಗೆ ಸಾಯಲಿಲ್ಲ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2022ರಲ್ಲಿ, ಯಾರಿಗೆ ಚಿಕಿತ್ಸೆ ಬೇಕೆಂಬುದನ್ನು ಇಂಥ ಅಂಕಗಳಿಂದ ತೀರ್ಮಾನಿಸಬಾರದೆಂದು ಸ್ಪಷ್ಟವಾಗಿ ಹೇಳಿತು.

ಹಾಗಾದರೆ ಉಳಿದ ದಾರಿ ಯಾವುದು? ನೇರವಾಗಿ, ಆದರೆ ಮೆಲುದನಿಯಲ್ಲಿ ಕೇಳುವುದು. ‘ಸಾಯಬೇಕೆನಿಸುತ್ತದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಳುಕು ನಮ್ಮಲ್ಲಿ ವ್ಯಾಪಕ. ಸಂಶೋಧನೆಗಳು ಇದನ್ನು ಸಮರ್ಥಿಸುವುದಿಲ್ಲ. ಕೇಳಿದಾಗ ಎಷ್ಟೋ ಜನರ ಎದೆಯ ಭಾರ ಇಳಿಯುತ್ತದೆ. ಯೋಚನೆ ಎಷ್ಟು ದಿನದ್ದು, ಹಿಂದೆ ಪ್ರಯತ್ನ ನಡೆದಿತ್ತೇ, ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ಇಷ್ಟು ದಿನ ತಡೆದು ನಿಲ್ಲಿಸಿದ್ದು ಯಾವುದು ಎಂದು ದಾದಿ ಒಂದೊಂದಾಗಿ ಕೇಳಿ ತಿಳಿಯುತ್ತಾಳೆ. ಅದನ್ನು ಬರೆದಿಟ್ಟು ಮುಂದಿನ ಪಾಳಿಯವರಿಗೆ ಒಪ್ಪಿಸುತ್ತಾಳೆ. ಮನೆಗೆ ಕಳುಹಿಸುವಾಗ ಕೀಟನಾಶಕ, ಮಾತ್ರೆಗಳು ಕೈಗೆ ಸಿಗದಂತೆ ಇಡಲು ಬಂಧುಗಳಿಗೆ ತಿಳಿಸುತ್ತಾಳೆ. ಬಿಡುಗಡೆಯಾದ ನಂತರದ ಮೊದಲ ವಾರಗಳೇ ಹೆಚ್ಚು ಅಪಾಯದವು.

ಇಂಥ ಮಾತುಕತೆಗೆ ಕಾನೂನೇ ದೀರ್ಘಕಾಲ ಅಡ್ಡಿಯಾಗಿತ್ತು. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯಾ ಯತ್ನ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ 1994ರಲ್ಲಿ ಅದನ್ನು ಅಸಿಂಧುಗೊಳಿಸಿ, 1996ರಲ್ಲಿ ಮತ್ತೆ ಎತ್ತಿಹಿಡಿಯಿತು. ಮೊಕದ್ದಮೆಗೆ ಹೆದರಿದ ಮನೆಯವರು ‘ಗೊತ್ತಿಲ್ಲದೆ ಕುಡಿದುಬಿಟ್ಟ’ ಎಂದಾಗ ದಾದಿಯ ಪ್ರಶ್ನೆ ಅಲ್ಲಿಗೇ ನಿಲ್ಲುತ್ತಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಸೇವಾ ಕಾಯ್ದೆ, ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಂ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹೇರಲು ನಡೆಸುವ ಯತ್ನ ಮಾತ್ರ ಅಪರಾಧ.

ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಹೆಚ್ಚು ಸಾವು ಕಂಡ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸುತ್ತಲಿನ ಜಿಲ್ಲೆಗಳ ರೋಗಿಗಳೂ ಬರುವ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಕಡೆ ವಿಷ ಇಳಿದು ಜೀವ ಉಳಿದರೆ ಕೆಲಸ ಅರ್ಧವಾದಂತೆ. ಉಳಿದರ್ಧ ಹಾಸಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು ಕೇಳುವ ದಾದಿಯದು. ಅದಕ್ಕೆ ಆಕೆಗೆ ತರಬೇತಿಯಷ್ಟೇ ಸಾಲದು, ಬಿಡುವೂ ಬೇಕು. ಮನೆಯಲ್ಲಿಯೇ ಇಂಥ ಸಂಕಟ ಅನುಭವಿಸುತ್ತಿರುವವರು, ಅವರ ಬಂಧುಗಳು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆ ಉಚಿತ. ಹಗಲಿರುಳೂ ಲಭ್ಯ, ಕನ್ನಡದಲ್ಲಿಯೂ ಮಾತನಾಡಬಹುದು.