ಸೂಡಿಯಿಂದ ಹೆಡ್‌ಲ್ಯಾಂಪ್‌ವರೆಗೆ: ಇರುಳ ನಡಿಗೆಯ ಸಲಕರಣೆಗಳ ಇತಿಹಾಸ

ಇರುಳಲ್ಲಿ ನಡೆಯಲು ಮನುಷ್ಯ ಆರಿಸಿಕೊಂಡ ಸಲಕರಣೆಗಳ ಚರಿತ್ರೆಯನ್ನು ಬೆಳಕು ಪ್ರಖರವಾಗುತ್ತ ಬಂದ ಕಥೆಯೆಂದು ವಿವರಿಸುವುದು ರೂಢಿ. ದೊಂದಿಗಿಂತ ಲಾಟೀನು, ಲಾಟೀನಿಗಿಂತ ಟಾರ್ಚು, ಟಾರ್ಚಿಗಿಂತ ಎಲ್‌ಇಡಿ ಹೆಚ್ಚು ಬೆಳಗಿತೆಂಬ ಈ ವಿವರಣೆ ಸುಳ್ಳಲ್ಲವಾದರೂ ನಡೆಯುವವರ ಕಡೆಯಿಂದ ನೋಡಿದರೆ ಅಪೂರ್ಣವಾದುದು. ಕಾಡುದಾರಿಯಲ್ಲಾಗಲಿ ಹಿಮದ ಇಳಿಜಾರಿನಲ್ಲಾಗಲಿ ಕತ್ತಲೆಯಲ್ಲಿ ಹೆಜ್ಜೆಯಿಡುವವರು ಬೆಳಕಿನ ಪ್ರಮಾಣಕ್ಕಿಂತ ಮೊದಲು ಯೋಚಿಸಬೇಕಾದದ್ದು ದೀಪ ಎಷ್ಟು ಹೊತ್ತು ಉರಿಯುತ್ತದೆ, ಗಾಳಿ, ಮಳೆ, ಚಳಿಗಳನ್ನು ತಡೆದುಕೊಳ್ಳುತ್ತದೆಯೇ, ಅದನ್ನು ಹಿಡಿದ ಮೇಲೂ ಕೈ ಬೇರೆ ಕೆಲಸಕ್ಕೆ ಒದಗುತ್ತದೆಯೇ ಎಂಬುದನ್ನು. ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡಿನ ಜನ ಈ ಪ್ರಶ್ನೆಗಳಿಗೆ ಕಂಡುಕೊಂಡ ಉತ್ತರಗಳೇ ಈ ಸಲಕರಣೆಗಳ ನಿಜವಾದ ಇತಿಹಾಸ.

ಬ್ಯಾಟರಿ ಬರುವುದಕ್ಕೆ ಮೊದಲು ಕರ್ನಾಟಕದ ಕರಾವಳಿಯಲ್ಲಿ ಇರುಳ ಪಯಣಕ್ಕೆ ಒದಗುತ್ತಿದ್ದುದು ಸೂಡಿ. ಒಣಗಿದ ತೆಂಗಿನ ಗರಿಗಳನ್ನು ಒತ್ತಾಗಿ ಜೋಡಿಸಿ, ಅದೇ ಗರಿಯಿಂದ ಅಲ್ಲಲ್ಲಿ ಬಿಗಿದು ಕಟ್ಟಿದ ಉದ್ದನೆಯ ಕಂತೆಗೆ ಈ ಹೆಸರಿದ್ದು, ಕೆಲವೆಡೆ ಅದನ್ನು ಸೂಟೆಯೆಂದೂ ತುಳುವಿನಲ್ಲಿ ತೂಟೆಯೆಂದೂ ಕರೆಯುತ್ತಾರೆ. ಇದರ ಗುಣವೆಲ್ಲ ಕಟ್ಟಿನಲ್ಲಿದೆ: ಕಟ್ಟು ಸಡಿಲವಾದರೆ ಒಳಗೆ ಗಾಳಿಯಾಡಿ ಗರಿ ಭಗ್ಗನೆ ಉರಿದು ಮುಗಿಯುತ್ತದೆ, ಬಿಗಿಯಾಗಿದ್ದರೆ ತುದಿಯಲ್ಲಿ ಕೆಂಡ ಮಾತ್ರ ನಿಂತು ನಿಧಾನವಾಗಿ ಸವೆಯುತ್ತದೆ. ಗದ್ದೆಯಂಚಿನ ಸಮದಾರಿಯಲ್ಲಿ ಕೆಂಡದ ಮಂದ ಬೆಳಕೇ ಸಾಕಾಗುತ್ತಿತ್ತು. ತೋಡಿಗೆ ಅಡ್ಡಲಾಗಿ ಹಾಕಿದ ಸಂಕ ದಾಟುವಾಗಲೋ ಪೊದೆಯಲ್ಲಿ ಏನೋ ಸರಿದಂತಾದಾಗಲೋ ಕೈಬೀಸಿದರೆ ಕೆಂಡಕ್ಕೆ ಗಾಳಿ ತಾಗಿ ಜ್ವಾಲೆ ಏಳುತ್ತಿತ್ತು. ಬೇಕಾದಾಗ ಹೆಚ್ಚಿಸಿ ಬೇಡವಾದಾಗ ತಗ್ಗಿಸಿ ಇಂಧನ ಉಳಿಸುವ ಉಪಾಯ ಹೀಗೆ ಗರಿಯ ಕಂತೆಯಲ್ಲಿಯೇ ಅಡಗಿತ್ತು. ದೀಪಾವಳಿಯ ಅನಂತರ ಆರಂಭವಾಗಿ ಮಳೆಗಾಲಕ್ಕೆ ಮುಂಚಿನ ಪತ್ತನಾಜೆ ಎಂಬ ದಿನಕ್ಕೆ ಮುಗಿಯುವ ಯಕ್ಷಗಾನ ಮೇಳಗಳ ತಿರುಗಾಟದ ಕಾಲವೂ ಗರಿ ಚೆನ್ನಾಗಿ ಒಣಗುವ ಕಾಲವೂ ಒಂದೇ ಆಗಿದ್ದುದರಿಂದ, ಬಯಲಾಟಕ್ಕೆ ಹೋಗುವವರು ದಾರಿಯ ದೂರವನ್ನು ಲೆಕ್ಕ ಹಾಕಿ ಒಂದಕ್ಕಿಂತ ಹೆಚ್ಚು ಸೂಡಿಗಳನ್ನು ಜೊತೆಗೊಯ್ಯಬಹುದಾಗಿತ್ತು.

ಸೂಡಿಯ ಮಿತಿಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಅದರ ಕಿಡಿ ಹುಲ್ಲಿನ ಮಾಡಿಗೆ ಹಾರಿದರೆ ಮನೆಯೇ ಉರಿಯುವ ಭಯವಿತ್ತು. ಮಳೆಗಾಲದಲ್ಲಿ ಅದು ನಿರುಪಯೋಗಿಯಾಗುತ್ತಿತ್ತು. ಮಳೆಯ ಇರುಳಲ್ಲಿ ಹೊರಡಲೇಬೇಕಾದವರು ಕರಾವಳಿಯಲ್ಲಿ ಎಲೆಗಳಿಂದ ಹೆಣೆದ ಗೊರಬನ್ನು, ಮಲೆನಾಡಿನಲ್ಲಿ ಕಂಬಳಿಕೊಪ್ಪೆಯನ್ನು, ಅಂದರೆ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವಂತೆ ಮಡಚಿದ ಕಂಬಳಿಯನ್ನು ಆಶ್ರಯಿಸುತ್ತಿದ್ದರು. ಎರಡೂ ಕೈಗಳನ್ನು ಬಿಡುವಾಗಿ ಉಳಿಸುತ್ತಿದ್ದುದು ಇವುಗಳ ದೊಡ್ಡ ಉಪಕಾರ, ಏಕೆಂದರೆ ಒಂದು ಕೈಗೆ ದೊಣ್ಣೆ ಅನಿವಾರ್ಯವಾಗಿತ್ತು. ಹಾವುಗಳು ನೆಲದ ಕಂಪನವನ್ನು ಗ್ರಹಿಸುವುದರಿಂದ ದೊಣ್ಣೆ ಕುಟ್ಟುತ್ತ ಹೆಜ್ಜೆಯ ಸದ್ದು ಮಾಡುತ್ತ ಸಾಗುವ ರೂಢಿಗೆ ಅರ್ಥವಿದೆ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂಬ ಅಂದಾಜನ್ನು ಗಮನಿಸಿದರೆ, ಬೆಳಕು ದೂರಕ್ಕಿಂತ ಮೊದಲು ಪಾದದ ಮುಂದೆ ಬೀಳಬೇಕೆಂಬ ಹಳಬರ ಎಚ್ಚರ ಇಂದಿಗೂ ಸಲ್ಲುತ್ತದೆ.

ಗಾಳಿ ಮಳೆಗಳ ಪ್ರಶ್ನೆಗೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1853ರಲ್ಲಿ ಇಂದಿನ ಉಕ್ರೇನಿನ ಲ್ವೀವ್ ನಗರದಲ್ಲಿ ಇಗ್ನಾತ್ಸಿ ವುಕಾಶೆವಿಚ್ ಎಂಬ ಔಷಧ ತಯಾರಕ ಸೀಮೆಎಣ್ಣೆಯ ದೀಪವನ್ನು ಬಳಕೆಗೆ ತಂದನು. ಹರಳೆಣ್ಣೆ, ಹೊನ್ನೆ ಎಣ್ಣೆಗಳಿಗಿಂತ ತೆಳುವಾದ ಸೀಮೆಎಣ್ಣೆ ಬತ್ತಿಯಲ್ಲಿ ಸುಲಭವಾಗಿ ಮೇಲೇರುತ್ತಿತ್ತು. ಅಮೆರಿಕದ ಜಾನ್ ಇರ್ವಿನ್ 1860ರ ದಶಕದ ಕೊನೆಯಲ್ಲಿ ಗಾಜಿನ ಎರಡೂ ಬದಿಗೆ ಕೊಳವೆಗಳಿದ್ದು, ಅವುಗಳ ಮೂಲಕ ಜ್ವಾಲೆಗೆ ಗಾಳಿ ಇಳಿದುಬರುವ ಲಾಂದ್ರವನ್ನು ರೂಪಿಸಿದನು. ಹೊರಗಿನ ಬಿರುಗಾಳಿ ಜ್ವಾಲೆಯನ್ನು ನೇರವಾಗಿ ತಾಕದಂತೆ ತಡೆದ ಈ ರಚನೆಯೇ ಹರಿಕೇನ್ ಲಾಂದ್ರವೆಂದು ಪ್ರಸಿದ್ಧವಾಯಿತು. ಹಳೆಯ ಮೈಸೂರಿನ ಲಾಟೀನು, ಉತ್ತರ ಕರ್ನಾಟಕದ ಕಂದೀಲು ಇದೇ ಕುಲಕ್ಕೆ ಸೇರಿದವು. ಒಮ್ಮೆ ಎಣ್ಣೆ ತುಂಬಿದರೆ ಬೆಳಗಿನವರೆಗೂ ಉರಿಯುವ ಲಾಟೀನು ಹೊತ್ತಿನ ಪ್ರಶ್ನೆಯನ್ನೂ ಬಹುಮಟ್ಟಿಗೆ ಬಗೆಹರಿಸಿತು. ಆದರೆ ಅದು ಒಂದು ಕೈಯನ್ನು ಪೂರ್ತಿ ಕಟ್ಟಿಹಾಕುತ್ತಿತ್ತು. ಸುತ್ತಲೂ ಹರಡುವ ಅದರ ಬೆಳಕು ಹಿಡಿದವರ ಕಣ್ಣಿಗೇ ಕುಕ್ಕುತ್ತ, ನಡೆಯುವ ಕಾಲುಗಳ ದೊಡ್ಡ ನೆರಳನ್ನು ದಾರಿಯ ಮೇಲೆ ಚೆಲ್ಲುತ್ತಿತ್ತು.

ಅದೇ ಕಾಲದಲ್ಲಿ ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಇರುಳ ನಡಿಗೆ ಒಂದು ಶಾಸ್ತ್ರವಾಗಿ ಬೆಳೆಯುತ್ತಿತ್ತು. ಅದಕ್ಕೂ ಮೊದಲೇ, 1786ರ ಆಗಸ್ಟ್ 8ರಂದು ಮೊದಲ ಬಾರಿಗೆ ಮಾಂಟ್ ಬ್ಲಾಂಕ್ ಏರಿದ ಬಲ್ಮಾ ಮತ್ತು ಪಕ್ಕಾರ್ ಸಂಜೆ ಶಿಖರ ಮುಟ್ಟಿ ಬೆಳದಿಂಗಳ ನೆರವಿನಿಂದ ಇಳಿದರು. ಮುಂದೆ ಪರ್ವತಾರೋಹಣ ವ್ಯವಸ್ಥಿತವಾದಾಗ ಅಲ್ಲಿಯ ಮಾರ್ಗದರ್ಶಕರು ರಾತ್ರಿ ಒಂದೆರಡು ಗಂಟೆಗೇ ಹೊರಡುವ ಪದ್ಧತಿಯನ್ನು ನೆಲೆಗೊಳಿಸಿದರು. ಇರುಳ ಚಳಿಗೆ ಹೆಪ್ಪುಗಟ್ಟಿದ ಹಿಮ ಕಾಲಿಗೆ ಗಟ್ಟಿಯಾಗಿ ಸಿಗುತ್ತದೆ, ಬಿಸಿಲೇರಿದರೆ ಅದು ಮೆದುವಾಗಿ ಹಿಮದ ಬಿರುಕುಗಳ ಮೇಲಿನ ಸೇತುವೆಗಳು ಕುಸಿಯುತ್ತವೆ, ಮಂಜಿನಲ್ಲಿ ಅಂಟಿದ್ದ ಕಲ್ಲುಗಳು ಕಳಚಿ ಉರುಳುತ್ತವೆ ಎಂಬುದು ಅದರ ಕಾರಣ. ಒಂದು ಕೈಗೆ ಹಿಮಗೊಡಲಿ ಬೇಕಾದ ಈ ಚಾರಣಕ್ಕೆ ಆರಿಸಿದ್ದು ಮಡಚುವ ಮೇಣದಬತ್ತಿಯ ಲಾಂದ್ರ. ಗಾಜು ಅಥವಾ ಅಭ್ರಕದ, ಎಂದರೆ ಪದರ ಪದರವಾಗಿ ಬಿಡುವ ಪಾರದರ್ಶಕ ಖನಿಜದ, ಕಿಟಕಿಗಳಿದ್ದ ಈ ತಗಡಿನ ಪೆಟ್ಟಿಗೆಯನ್ನು ಬೆಳಕು ಹರಿದೊಡನೆ ಮಡಚಿ ಚೀಲಕ್ಕೆ ಸೇರಿಸಬಹುದಾಗಿತ್ತು. ಅದು ಬೆಳಗಿನ ಜಾವದ ಕೆಲವು ಗಂಟೆಗಳಿಗೆ ಹೇಳಿಮಾಡಿಸಿದ ಸಲಕರಣೆಯೇ ಹೊರತು, ತಡವಾಗಿ ಇಳಿಯುವವರ ಇಡೀ ರಾತ್ರಿಗೆ ಅಲ್ಲ.

ವಿದ್ಯುತ್ ದೀಪ ನಡೆಯುವವರ ಕೈಗೆ ಬರಲು ಒಣ ಸೆಲ್ಲಿಗಾಗಿ ಕಾಯಬೇಕಾಯಿತು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ರೂಪಿಸಿದ ಸೆಲ್ಲಿನಲ್ಲಿ ನವಸಾಗರದ ದ್ರಾವಣವಿದ್ದುದರಿಂದ ಅದನ್ನು ಅಲುಗಾಡಿಸುವಂತಿರಲಿಲ್ಲ. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರಾವಣವನ್ನು ಗಟ್ಟಿ ಮಿಶ್ರಣವಾಗಿಸಿ ಸತುವಿನ ಡಬ್ಬಿಯೊಳಗೆ ಮುಚ್ಚಿದನು. 1899ರಲ್ಲಿ ಡೇವಿಡ್ ಮೈಸೆಲ್ ಇಂಥ ಸೆಲ್ಲುಗಳನ್ನು ಕೊಳವೆಯಲ್ಲಿ ಸಾಲಾಗಿ ಕೂರಿಸಿದ ಕೈದೀಪಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದನು. ಭಾರತದಲ್ಲಿ 1934ರಲ್ಲಿ ಕಲ್ಕತ್ತೆಯಲ್ಲಿ ಎವರೆಡಿ ಕಂಪನಿ ಸ್ಥಾಪನೆಯಾಯಿತು. ಮುಂದಿನ ದಶಕಗಳಲ್ಲಿ ಎರಡು ಸೆಲ್ಲಿನ, ಮೂರು ಸೆಲ್ಲಿನ ಟಾರ್ಚುಗಳು ಕರ್ನಾಟಕದ ಹಳ್ಳಿಹಳ್ಳಿಗೂ ತಲುಪಿ ‘ಬ್ಯಾಟರಿ’ ಎಂಬ ಹೆಸರಿನಲ್ಲೇ ಮನೆಮಾತಾದವು. ಸೋತ ಸೆಲ್ಲುಗಳನ್ನು ಬಿಸಿಲಿಗಿಟ್ಟು ಮತ್ತೆ ಬಳಸುವುದು ಆಗಿನ ಸಾಮಾನ್ಯ ರೂಢಿ. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಸೆಲ್ಲು ಇನ್ನಷ್ಟು ಹೊತ್ತು ನಡೆಯುತ್ತಿತ್ತು. ಇದೇ ನಿಯಮ ತಿರುಗುಮುರುಗಾಗಿ, ಕೊರೆಯುವ ಚಳಿಯಲ್ಲಿ ಹೊಸ ಸೆಲ್ಲೂ ಮಂಕಾಗುವುದರಿಂದ, ಪರ್ವತಾರೋಹಿಗಳು ಸೆಲ್ಲನ್ನು ಬಟ್ಟೆಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕಾಯಿತು.

ಇರುಳ ಸಲಕರಣೆಯ ಆಯ್ಕೆ ಜೀವಕ್ಕೆ ಎಷ್ಟು ಹತ್ತಿರದ ವಿಷಯವೆಂಬುದನ್ನು ಎವರೆಸ್ಟಿನ ಒಂದು ಗುಡಾರ ತೋರಿಸಿಕೊಡುತ್ತದೆ. 1924ರ ಜೂನ್ 8ರಂದು ಜಾರ್ಜ್ ಮ್ಯಾಲರಿ ಮತ್ತು ಆಂಡ್ರೂ ಇರ್ವಿನ್ ಸುಮಾರು 8,170 ಮೀಟರ್ ಎತ್ತರದ ಆರನೆಯ ಶಿಬಿರದಿಂದ ಶಿಖರದತ್ತ ಹೊರಟವರು ಮರಳಲಿಲ್ಲ. 1933ರ ಬ್ರಿಟಿಷ್ ತಂಡ ಅದೇ ಶಿಬಿರದ ಅವಶೇಷವನ್ನು ಕಂಡಾಗ, ಕುಸಿದ ಗುಡಾರದಲ್ಲಿ ಮಡಚುವ ಮೇಣದಬತ್ತಿಯ ಲಾಂದ್ರವೂ ಒಂದು ಟಾರ್ಚೂ ಸಿಕ್ಕವು. ಒಂಬತ್ತು ವರ್ಷ ಹಿಮದಲ್ಲಿದ್ದರೂ ಗುಂಡಿ ಒತ್ತಿದೊಡನೆ ಆ ಟಾರ್ಚು ಬೆಳಗಿತು. 1999ರಲ್ಲಿ ಮ್ಯಾಲರಿಯ ದೇಹ ಪತ್ತೆಯಾದಾಗ ಹಿಮಕನ್ನಡಕ ಅವನ ಜೇಬಿನಲ್ಲಿದ್ದುದರಿಂದ, ಬಿಸಿಲು ಇಳಿದ ಮೇಲೆ ಅವನು ಕೆಳಗಿಳಿಯುತ್ತಿದ್ದಿರಬೇಕೆಂದು ಹಲವರು ಊಹಿಸಿದ್ದಾರೆ. ಆ ದುರಂತದ ಕಾರಣವನ್ನು ಟಾರ್ಚೊಂದರ ಮೇಲೆ ಹೊರಿಸಲಾಗದಿದ್ದರೂ, ಕೆಡದೆ ಉಳಿದ ದೀಪ ಅದನ್ನು ಬಿಟ್ಟುಹೋದವರಿಗೆ ಒದಗಲಿಲ್ಲವೆಂಬುದು ನಿಶ್ಚಿತ. ಹಗಲಿನೊಳಗೆ ಹಿಂತಿರುಗುವ ಭರವಸೆಯಿದ್ದರೂ ಬೆಳಕನ್ನು ಮೈಮೇಲೆ ಹೊತ್ತೇ ಹೊರಡಬೇಕೆಂಬ ಇಂದಿನ ನಿಯಮದ ಹಿಂದೆ ಇಂಥ ಕಹಿ ಪಾಠಗಳಿವೆ.

ಕೈಯನ್ನು ಬಿಡುಗಡೆ ಮಾಡುವ ಕೆಲಸ ಆರಂಭವಾದದ್ದು ಬೆಟ್ಟದ ಮೇಲಲ್ಲ, ನೆಲದ ಒಳಗೆ. ನೀರು ತೊಟ್ಟಿಕ್ಕಿದಾಗ ಕ್ಯಾಲ್ಸಿಯಂ ಕಾರ್ಬೈಡಿನಿಂದ ಹೊಮ್ಮುವ ಅಸಿಟಿಲೀನ್ ಅನಿಲವನ್ನು ಉರಿಸುವ ಕಾರ್ಬೈಡ್ ದೀಪ ಇಪ್ಪತ್ತನೆಯ ಶತಮಾನದ ಆರಂಭದಿಂದ ಗಣಿಕಾರ್ಮಿಕರ ಟೋಪಿಯನ್ನೇರಿತು. ಹಗ್ಗ ಹಿಡಿದು ಇಳಿಯಬೇಕಾದ ಗುಹಾನ್ವೇಷಕರೂ ಅದನ್ನು ತಮ್ಮದಾಗಿಸಿಕೊಂಡರು. ಫ್ರಾನ್ಸಿನ ಗ್ರೆನೋಬಲ್ ಬಳಿಯ ಕುಶಲಕರ್ಮಿ, ಗುಹಾನ್ವೇಷಕ ಫರ್ನಾನ್ ಪೆಟ್ಜೆಲ್‌ನ ಕಾರ್ಯಾಗಾರದಿಂದ 1970ರ ದಶಕದಲ್ಲಿ ಬಲ್ಬು, ಸೆಲ್ಲು ಎರಡನ್ನೂ ತಲೆಪಟ್ಟಿಯಲ್ಲಿಯೇ ಅಡಕಗೊಳಿಸಿದ ಹೆಡ್‌ಲ್ಯಾಂಪ್ ಹೊರಬಂದಾಗ, ಸೊಂಟದ ಸೆಲ್ಲಿನ ಪೆಟ್ಟಿಗೆಯಿಂದ ತಲೆಗೆ ಎಳೆದ ತಂತಿಯ ತೊಡಕೂ ತಪ್ಪಿತು. ನೋಟ ಹರಿದತ್ತ ಬೆಳಕೂ ಹರಿಯುವ ಈ ವ್ಯವಸ್ಥೆಯಲ್ಲಿ ಎರಡೂ ಕೈಗಳು ಬಂಡೆಗೆ, ಹಗ್ಗಕ್ಕೆ, ಊರುಗೋಲಿಗೆ ಉಳಿದವು.

ಹೊತ್ತಿನ ಪ್ರಶ್ನೆಗೆ ದೊಡ್ಡ ಪರಿಹಾರ ತಂದದ್ದು ಎಲ್‌ಇಡಿ. ಬಲ್ಬಿನ ತಂತಿಯಲ್ಲಿ ವಿದ್ಯುತ್ತಿನ ಬಹುಪಾಲು ಶಾಖವಾಗಿ ಕಳೆದುಹೋಗುತ್ತಿದ್ದರೆ, ಎಲ್‌ಇಡಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿನ ಪಾಲು ಬೆಳಕಾಗುತ್ತದೆ. ಅಕಾಸಾಕಿ, ಅಮಾನೊ, ನಕಾಮುರಾ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಸಾಧ್ಯವಾಗಿಸಿದ ಪ್ರಖರ ನೀಲಿ ಎಲ್‌ಇಡಿ, ಬಿಳಿ ಎಲ್‌ಇಡಿಗೆ ದಾರಿಮಾಡಿತು; ಅದಕ್ಕಾಗಿ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. 2000ದಲ್ಲಿ ಬಂದ ಪೆಟ್ಜೆಲ್ ಟಿಕ್ಕಾದಂತಹ ಪುಟ್ಟ ಎಲ್‌ಇಡಿ ಹೆಡ್‌ಲ್ಯಾಂಪ್‌ಗಳು ಚಾರಣಿಗರ ಚೀಲದ ಭಾರವನ್ನೂ ಸೆಲ್ಲಿನ ಚಿಂತೆಯನ್ನೂ ತಗ್ಗಿಸಿದವು. ಆದರೆ ಬೆಳಕು ಅಗ್ಗವಾದೊಡನೆ ಪ್ರಖರತೆಯೇ ಗುಣವೆಂಬ ಭ್ರಮೆಯೂ ಬೆಳೆಯಿತು. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಕ್ಷಣದ ಬಿಳಿ ಬೆಳಕು ಆ ಹೊಂದಾಣಿಕೆಯನ್ನು ಅಳಿಸಿಬಿಡುತ್ತದೆ. ಮಂದ ಬೆಳಕಿನಲ್ಲಿ ನೋಡುವ ದಂಡಕೋಶಗಳು ಕೆಂಪು ಬೆಳಕಿಗೆ ಹೆಚ್ಚು ಸ್ಪಂದಿಸದಿರುವುದರಿಂದಲೇ ಹಲವು ಹೆಡ್‌ಲ್ಯಾಂಪ್‌ಗಳಲ್ಲಿ ಮಂದವಾದ ಕೆಂಪು ದೀಪವೂ ಇರುತ್ತದೆ.

ಇತ್ತೀಚಿನ ದಶಕಗಳಲ್ಲಿ ಚಿಕ್ಕಬಳ್ಳಾಪುರದ ಸ್ಕಂದಗಿರಿ, ಕೋಲಾರದ ಅಂತರಗಂಗೆಯಂತಹ ಬೆಟ್ಟಗಳನ್ನು ಇರುಳಲ್ಲಿ ಏರುವ ಹವ್ಯಾಸ ಬೆಂಗಳೂರಿನ ಯುವಜನರಲ್ಲಿ ಹಬ್ಬಿದ್ದು, ಸಲಕರಣೆಯ ಆಯ್ಕೆ ಮತ್ತೆ ಜೀವಂತ ಪ್ರಶ್ನೆಯಾಗಿದೆ. ಮೊಬೈಲಿನ ದೀಪವನ್ನೇ ನಂಬಿ ಹೊರಡುವವರು ಕೈಯನ್ನೂ, ಅಪಾಯದಲ್ಲಿ ನೆರವು ಕೋರಬೇಕಾದ ಫೋನಿನ ಚಾರ್ಜನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾರೆ. ಅರಣ್ಯ ಇಲಾಖೆಯ ಅನುಮತಿ, ಪಾದ ಮುಚ್ಚುವ ಬೂಟು, ಕೋಲು, ತಲೆಗೊಂದು ಹೆಡ್‌ಲ್ಯಾಂಪ್, ಚೀಲದಲ್ಲಿ ಇನ್ನೊಂದು ದೀಪ, ಮಿಗುವಷ್ಟು ಸೆಲ್ಲು ಎಂಬ ಇಂದಿನ ಪಟ್ಟಿಯ ಒಂದೊಂದು ಅಂಶವೂ ಹಿಂದಿನವರು ಕತ್ತಲೆಯಲ್ಲಿ ಪಟ್ಟ ಪಾಡಿನಿಂದ ಹುಟ್ಟಿದ್ದು. ಪೆಟ್ಟಿಗೆಯ ಮೇಲೆ ಅಚ್ಚಾದ ಲೂಮೆನ್ ಸಂಖ್ಯೆ, ಅಂದರೆ ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ, ಈ ಅನುಭವವನ್ನು ಹೇಳುವುದಿಲ್ಲ; ದಾರಿಯ ಉದ್ದವನ್ನೂ ಮರಳುವ ಹೊತ್ತನ್ನೂ ಮೊದಲು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕ ದೀಪವನ್ನು ಆರಿಸುವವರೇ ಇರುಳ ನಡಿಗೆಯನ್ನು ಬಲ್ಲವರು.